ಕರೆಂಟು ಕಂಬ ಬಾರದ ಜಾಗದಲ್ಲಿ ಮನೆ: ಬಯಲೋ, ಮಲೆನಾಡೋ, ಕಾಡಂಚೋ?

ಬೆಂಗಳೂರಿನವರು ಜಾಗ ನೋಡಲು ಹೊರಡುವುದು ಸಾಮಾನ್ಯವಾಗಿ ಡಿಸೆಂಬರ್ ರಜೆಯಲ್ಲಿ. ಆಗ ಕನಕಪುರದ ಕಡೆ ಹೊಲದಲ್ಲಿ ಅವರೆಕಾಯಿ ಸೊಗಡು, ಸಕಲೇಶಪುರದ ಕಡೆ ಗಿಡದ ತುಂಬ ಕೆಂಪು ಕಾಫಿ ಹಣ್ಣು, ತಮಿಳುನಾಡಿನ ಗಡಿಯಾಚೆ ಡೆಂಕಣಿಕೋಟೆಯ ಕಡೆ ಬೆಳಗಿನ ಮಂಜು. ಕೆರೆಯಲ್ಲಿ ಇನ್ನೂ ನೀರಿರುತ್ತದೆ, ಹಳ್ಳ ಹರಿಯುತ್ತಿರುತ್ತದೆ. ಇದು ಬ್ರೋಕರ್‌ಗಳಿಗೂ ಗೊತ್ತು. ನಾವೂ ಹಾಗೆಯೇ ಡಿಸೆಂಬರ್‌ನಲ್ಲಿ ನೋಡಿ, ಜನವರಿಯಲ್ಲಿ ಅಡ್ವಾನ್ಸ್ ಕೊಟ್ಟು, ಏಪ್ರಿಲ್‌ನಲ್ಲಿ ಬಾವಿಯೊಳಗೆ ಇಣುಕಿ ತಳದ ಬಂಡೆ ಕಂಡವರು. ಪಕ್ಕದ ಹೊಲದ ಅಜ್ಜ ಬೀಡಿ ಆರಿಸಿ ಹೇಳಿದ್ದು ಒಂದೇ ಮಾತು: "ಯುಗಾದಿ ಕಳೆದ್ಮೇಲೆ ಬಂದು ನೋಡ್ಬೇಕಿತ್ತು ಕಣವ್ವ."

ಕರೆಂಟು ಕಂಬಿ, ಕೊಳಾಯಿ ಎರಡೂ ಬಾರದ ಜಾಗದಲ್ಲಿ ಮನೆ ಮಾಡುವವರು ಒಳ್ಳೆಯ ತಿಂಗಳನ್ನು ನೋಡಿ ಏನನ್ನೂ ತೀರ್ಮಾನಿಸಬಾರದು. ಅಲ್ಲಿನ ಕೆಟ್ಟ ತಿಂಗಳು ಯಾವುದು, ಅದನ್ನು ಕಳೆಯುವುದು ನಿಮ್ಮ ಮನೆಯವರಿಂದ ಆದೀತೇ, ಕೇಳಿಕೊಳ್ಳಬೇಕಾದ್ದು ಇಷ್ಟೇ. ಬಯಲಿಗೆ ಅದು ಏಪ್ರಿಲ್. ಮಲೆನಾಡಿಗೆ ಜುಲೈ. ಕಾಡಂಚಿಗೆ ರಾಗಿ ಬಲಿತ ಮೇಲಿನ ಎರಡು-ಮೂರು ತಿಂಗಳು, ಅಂದರೆ ನವೆಂಬರ್‌ನಿಂದ ಜನವರಿ. ಹಾಗಾದರೆ ಡಿಸೆಂಬರ್‌ನಲ್ಲಿ ಹೋದವರಿಗೆ ಕಾಡಂಚಿನ ಕೆಟ್ಟ ತಿಂಗಳೇ ಕಾಣಬೇಕಲ್ಲ ಎನ್ನಬಹುದು. ಕಾಣುವುದಿಲ್ಲ. ನೀವು ಹೋಗುವುದು ಹಗಲು ಹನ್ನೊಂದಕ್ಕೆ, ಆನೆ ಬರುವುದು ರಾತ್ರಿ ಹನ್ನೊಂದಕ್ಕೆ.

ನಮ್ಮದು ಬಯಲು, ಕನಕಪುರದಾಚೆ, ಆರು ವರ್ಷ. ತಂಗಿಯ ಸಂಸಾರ ಸಕಲೇಶಪುರದಾಚೆ, ನಾಲ್ಕು ವರ್ಷ. ಡೆಂಕಣಿಕೋಟೆಯ ಕಡೆ ಮನೆ ಮಾಡಿದ್ದ ಸ್ನೇಹಿತ ದಂಪತಿ ಮೂರನೇ ವರ್ಷಕ್ಕೆ ಮಾರಿ ಬಂದರು. ಈ ಮೂರನ್ನೂ ಹತ್ತಿರದಿಂದ ನೋಡಿದ ಲೆಕ್ಕ ಇದು. ವಾರಾಂತ್ಯದ ತೋಟದ ಮನೆಯವರಿಗೆ ಇದರಲ್ಲಿ ಅರ್ಧದಷ್ಟು ಬೇಕಾಗುವುದಿಲ್ಲ. ವರ್ಷವಿಡೀ ಅಲ್ಲೇ ಇರುತ್ತೇವೆ ಎನ್ನುವವರಿಗಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ನಿಮ್ಮ ಜಾಗದಿಂದ ಮುನ್ನೂರು-ನಾನೂರು ಮೀಟರ್ ದೂರದಲ್ಲಿ ಕಂಬ ಇದೆಯೆಂದರೆ, ದುಡ್ಡು ಕಟ್ಟಿ ಲೈನ್ ಎಳೆಸಿಕೊಳ್ಳಿ. ಕರೆಂಟು ಸಿಗುವ ಕಡೆ ಹಟಕ್ಕೆ ಬಿದ್ದು ಬೇಡ ಎನ್ನುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ. ನಗರದಲ್ಲಿ ಕರೆಂಟು ಹೋದರೆ 1912, ನೀರು ಬರದಿದ್ದರೆ 1916 ಒತ್ತುತ್ತೇವೆ, ಬೈಯುತ್ತೇವೆ, ಯಾರೋ ಬಂದು ಸರಿಮಾಡುತ್ತಾರೆ. ಅಲ್ಲಿ 1912 ನೀವೇ, 1916 ನೀವೇ, ಬೆಳಿಗ್ಗೆ ಸೀಟಿ ಊದಿಕೊಂಡು ಬರುವ ಕಸದ ಗಾಡಿಯೂ ನೀವೇ. ಈ ಮೂರು ಕೆಲಸಕ್ಕೆ ದಿನಕ್ಕೆ ಒಂದು ಗಂಟೆ, ಕೆಟ್ಟ ತಿಂಗಳಲ್ಲಿ ಮೂರು ಗಂಟೆ ಹಿಡಿಯುತ್ತದೆ.

ನೀರು

ಜಾಗ ಆರಿಸುವಾಗ ಮೊದಲು ನೋಡಬೇಕಾದ್ದು ನೀರು. ಸೋಲಾರನ್ನು ದುಡ್ಡಿದ್ದರೆ ಯಾವತ್ತು ಬೇಕಾದರೂ ಹಾಕಿಸಬಹುದು. ನೀರನ್ನು ಹಾಗೆ ಹಾಕಿಸಲು ಬರುವುದಿಲ್ಲ.

ಬಯಲಿನಲ್ಲಿ ಎಲ್ಲರೂ ಬೋರ್‌ವೆಲ್ ನಂಬಿ ಬರುತ್ತಾರೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರು ಸಿಗುತ್ತಾರೆ, ರಾತ್ರಿಯಿಡೀ ಗಾಡಿ ಕೊರೆಯುತ್ತದೆ, ಅಡಿ ಲೆಕ್ಕದ ದರ ಆಳಕ್ಕೆ ಹೋದಂತೆ ಏರುತ್ತದೆ. ಸಾವಿರ ಅಡಿ ದಾಟಿದರೂ ಬರಿ ಬಿಳಿ ದೂಳು ಏಳುವುದನ್ನು ನಿಂತು ನೋಡಿದವರಿಗೇ ಆ ಸಂಕಟ ಗೊತ್ತು. ನೀರು ಸಿಕ್ಕರೂ, ಅಷ್ಟು ಆಳದಿಂದ ಎತ್ತುವ ಮೋಟಾರಿಗೆ ಬೇಕಾಗುವ ಸೋಲಾರ್ ಮನೆಯ ಉಳಿದೆಲ್ಲ ಬಳಕೆಗೆ ಬೇಕಾಗುವುದಕ್ಕಿಂತ ದೊಡ್ಡದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯಾದರೆ ಆಳದ ನೀರಿನಲ್ಲಿ ಫ್ಲೋರೈಡ್ ಬೇರೆ. ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಕುಡಿಸಬೇಡಿ.

ಬಯಲಿಗೆ ನನ್ನ ಆಯ್ಕೆ ಮಳೆನೀರು. ಇದಕ್ಕೆ ಗುರು ಬೇಕೆಂದರೆ ಕಾಡಿಗೆ ಹೋಗಬೇಕಿಲ್ಲ, ಬೆಂಗಳೂರಿನ ವಿಜಯನಗರಕ್ಕೆ ಹೋದರೆ ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ ಎ.ಆರ್. ಶಿವಕುಮಾರ್ 1995ರಿಂದ ಜಲಮಂಡಳಿಯ ನೀರಿಗೆ ಕಾಯದೆ, ಸೂರಿನ ಮೇಲೆ ಬಿದ್ದ ಮಳೆಯಲ್ಲೇ ಸಂಸಾರ ನಡೆಸಿದ್ದು ಬಹಳ ಜನಕ್ಕೆ ಗೊತ್ತು. ನನಗೆ ಅವರ ಮನೆಗಿಂತ ಹೆಚ್ಚು ಹಿಡಿಸಿದ್ದು ಅವರ ಲೆಕ್ಕ. ವರ್ಷಕ್ಕೆ ಒಟ್ಟು ಎಷ್ಟು ಮಳೆ ಬೀಳುತ್ತದೆ ಎನ್ನುವಲ್ಲಿಗೆ ಅವರು ನಿಲ್ಲಲಿಲ್ಲ. ಎರಡು ಒಳ್ಳೆಯ ಮಳೆಗಳ ನಡುವೆ ಅತಿ ಹೆಚ್ಚೆಂದರೆ ಎಷ್ಟು ದಿನ ಖಾಲಿ ಹೋಗುತ್ತದೆ ಎಂದು ನೋಡಿದರು. ಅದು ನೂರು ದಿನದ ಆಸುಪಾಸು. ಆ ನೂರು ದಿನಕ್ಕೆ ಸಾಲುವಷ್ಟು ತೊಟ್ಟಿ ಕಟ್ಟಿದರು.

ಅದೇ ಲೆಕ್ಕ ನಮ್ಮ ಬಯಲಿಗೆ ಹೀಗೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿನ ವಾರ್ಷಿಕ ಸರಾಸರಿ 970 ಮಿ.ಮೀ. ಆಸುಪಾಸು. ಕನಕಪುರದ ಕಡೆ ಕಡಿಮೆ, 800 ಎಂದು ಹಿಡಿಯಿರಿ. 1,200 ಚದರಡಿ ಸೂರು ಅಂದರೆ ಸುಮಾರು 111 ಚದರ ಮೀಟರ್. ಆವಿ, ಸೋರಿಕೆ, ಮೊದಲ ಮಳೆಯ ಕೊಳೆನೀರು ಎಂದು ಐದರಲ್ಲೊಂದು ಪಾಲು ಕಳೆದರೂ ವರ್ಷಕ್ಕೆ 70,000 ಲೀಟರ್ ದಾಟುತ್ತದೆ. ನಗರದ ಯೋಜನೆಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿಯುತ್ತಾರೆ. ಆ ಕೈಯಲ್ಲಿ ಬಳಸಿದರೆ ನಾಲ್ವರ ಮನೆಗೆ ನಾಲ್ಕೂವರೆ ತಿಂಗಳಿಗೆ ಎಲ್ಲ ಮುಗಿಯುತ್ತದೆ. ತಲೆಗೆ 70 ಲೀಟರಿಗೆ ಇಳಿದರೆ ಎಂಟೂವರೆ ತಿಂಗಳು ಹತ್ತಿರ ಬರುತ್ತದೆ, ವರ್ಷಪೂರ್ತಿ ಬರಬೇಕೆಂದರೆ ಸೂರು ಇನ್ನೂ ದೊಡ್ಡದಿರಬೇಕು. ನವೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ 150 ದಿನ ಮಳೆಯೇ ಇಲ್ಲ ಎಂದುಕೊಳ್ಳಿ. ದಿನಕ್ಕೆ 280 ಲೀಟರಿನಂತೆ 42,000 ಲೀಟರ್ ನೆಲದೊಳಗೆ ಇರಬೇಕು. ಐದು ಮೀಟರ್ ಉದ್ದ, ನಾಲ್ಕೂವರೆ ಅಗಲ, ಎರಡು ಆಳದ ಸಂಪು ಅಂದರೆ ಸರಿಹೋಗುತ್ತದೆ. ಮನೆಗಿಂತ ಮೊದಲು ಸಂಪು ಕಟ್ಟಿ, ಕಟ್ಟಡಕ್ಕೂ ಅದೇ ನೀರಾಗುತ್ತದೆ. ಪಾತ್ರೆ ತೊಳೆದ ನೀರು ಬಾಳೆಗೆ, ಸ್ನಾನದ ನೀರು ತೆಂಗಿಗೆ. ನಮ್ಮ ಮನೆಗೆ ಬಂದ ನೆಂಟರು ನಲ್ಲಿ ಪೂರ್ತಿ ತಿರುಗಿಸಿದರೆ ಈಗಲೂ ನನ್ನ ಕಿವಿ ನೆಟ್ಟಗಾಗುತ್ತದೆ.

ಟ್ಯಾಂಕರ್ ತರಿಸಿಕೊಂಡರಾಯಿತು ಎನ್ನುವವರಿಗೆ 2024ರ ಮಾರ್ಚ್ ನೆನಪಿಸುತ್ತೇನೆ. ಬೆಂಗಳೂರೇ ಟ್ಯಾಂಕರಿಗೆ ಕೈಯೊಡ್ಡಿ ನಿಂತಿದ್ದಾಗ ಮಣ್ಣುದಾರಿಯಲ್ಲಿ ಹನ್ನೆರಡು ಕಿಲೋಮೀಟರ್ ಒಳಗೆ ಯಾವ ಟ್ಯಾಂಕರ್ ಬಂದೀತು?

ಮಲೆನಾಡಿನ ನೀರಿನ ಕಥೆಯೇ ಬೇರೆ. ತಂಗಿಯ ಮನೆಗೆ ಅಬ್ಬಿ ನೀರು. ಗುಡ್ಡದ ಮೇಲಿನ ಸಣ್ಣ ಝರಿಗೆ ಪೈಪು ಕೊಟ್ಟು ಮನೆ ತನಕ ಇಳಿಸಿದ್ದಾರೆ. ಮೋಟಾರಿಲ್ಲ, ಬಿಲ್ಲಿಲ್ಲ, ಹಗಲೂ ರಾತ್ರಿ ತೊಟ್ಟಿಗೆ ಬೀಳುತ್ತಲೇ ಇರುತ್ತದೆ. ಅದನ್ನು ನೋಡಿದಾಗ ನನಗೆ ಹೊಟ್ಟೆಕಿಚ್ಚಾಗಿದ್ದು ನಿಜ. ಆದರೆ ಜುಲೈಯಲ್ಲಿ ಪೈಪಿನ ಬಾಯಿಗೆ ಎಲೆ-ಕಸ ಕಟ್ಟುತ್ತದೆ, ಸುತ್ತ ಅಷ್ಟು ಮಳೆ ಸುರಿಯುವಾಗ ಮನೆಯ ನಲ್ಲಿಯಲ್ಲಿ ನೀರಿಲ್ಲ. ಇಂಬಳ ಕಚ್ಚಿಸಿಕೊಂಡು, ಜಾರುವ ಕಲ್ಲಿನ ಮೇಲೆ ಮುಕ್ಕಾಲು ಗಂಟೆ ಹತ್ತಿ ಹೋಗಿ ಕಸ ತೆಗೆದು ಬರಬೇಕು. ಮಾರ್ಚ್-ಏಪ್ರಿಲ್‌ನಲ್ಲಿ ಝರಿ ಬೆರಳಿನಷ್ಟಾಗುತ್ತದೆ. ಕೆಳಗಿನ ತೋಟದವರಿಗೂ ಅದೇ ನೀರು, ಆಗ ಮಾತು ಬೆಳೆಯುತ್ತದೆ. ನೀರಿನ ಮೂಲ ನಿಮ್ಮ ಜಮೀನಿನ ಗಡಿಯೊಳಗಿದೆಯೇ, ಬೇರೆಯವರದರಲ್ಲೋ, ಅರಣ್ಯದಲ್ಲೋ ಎಂಬುದನ್ನು ಅಡ್ವಾನ್ಸ್‌ಗೆ ಮೊದಲೇ ನಡೆದು ನೋಡಬೇಕು. ಅರಣ್ಯದೊಳಗಿದ್ದರೆ ಆ ಪೈಪು ಇವತ್ತಿದೆ, ನಾಳೆಗೆ ಭರವಸೆಯಿಲ್ಲ.

ಕಾಡಂಚಿಗೆ ಬಯಲಿನ ಲೆಕ್ಕವೇ ಸಾಕು, ಜೊತೆಗೆ ಒಂದು ಎಚ್ಚರ. ತೆರೆದ ಕೃಷಿ ಹೊಂಡ ಮಾಡಿದರೆ ಬೇಸಿಗೆಯಲ್ಲಿ ಅದು ನಿಮ್ಮ ಹೊಂಡವಲ್ಲ, ಆನೆಯ ಹೊಂಡ.

ಕರೆಂಟು

ಎಷ್ಟು ಕಿಲೋವಾಟ್ ಹಾಕಿಸಲಿ ಎಂದು ಕೇಳುವ ಮೊದಲು ದಿನಕ್ಕೆ ಎಷ್ಟು ಯೂನಿಟ್ ಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮ ಹಾಳೆ ಹೀಗಿದೆ: ಸಣ್ಣ ಫ್ರಿಜ್ 1 ಯೂನಿಟ್, ಎರಡು ಲ್ಯಾಪ್‌ಟಾಪ್ ಎಂಟು ಗಂಟೆಗೆ ಸುಮಾರು 1, ಒಂದು ಎಚ್‌ಪಿ ಮೋಟಾರ್ ಒಂದು ಗಂಟೆಗೆ ಹತ್ತಿರ ಹತ್ತಿರ 1, ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನು, ಬಲ್ಬು, ಮೋಡೆಮ್, ಮಿಕ್ಸಿ ಎಲ್ಲ ಸೇರಿ ಇನ್ನೊಂದು. ಒಟ್ಟು 4. ಗೀಜರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಈ ಹಾಳೆಯಲ್ಲಿಲ್ಲ. ಕಾಯಿಸುವ ಯಾವ ಕೆಲಸವನ್ನೂ ಬ್ಯಾಟರಿಗೆ ಹೇಳಬೇಡಿ. ಸ್ನಾನಕ್ಕೆ ಹಂಡೆ ಒಲೆ, ಇಲ್ಲವೇ ಸೂರಿನ ಮೇಲಿನ ಸೋಲಾರ್ ವಾಟರ್ ಹೀಟರ್.

ಬಯಲಿನಲ್ಲಿ ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಎರಡು ಕಿಲೋವಾಟ್ ಹಾಕಿದರೆ ಆಷಾಢದ ಮೋಡದಲ್ಲೂ ಮನೆ ನಡೆಯುತ್ತದೆ. ಕೆಟ್ಟ ತಿಂಗಳಾದ ಏಪ್ರಿಲ್‌ನಲ್ಲಿ ಕರೆಂಟಿನದು ಸಮಸ್ಯೆಯೇ ಅಲ್ಲ, ಬಿಸಿಲು ಬೇಡ ಎನ್ನುವಷ್ಟಿರುತ್ತದೆ. ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಬಂದಿದ್ದು ಸುಮ್ಮನೆ ಅಲ್ಲ. ಅದನ್ನು ಆಗುಂಬೆಯಲ್ಲಿ ಕಟ್ಟೋಣ ಎಂದು ಯಾರೂ ಹೇಳಲಿಲ್ಲ.

ಮಲೆನಾಡಿನಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದಾಗ ಅದೇ ಒಂದು ಕಿಲೋವಾಟಿನಿಂದ ದಿನಕ್ಕೆ ಒಂದು ಯೂನಿಟ್ ಬಂದರೆ ಪುಣ್ಯ. ಪ್ಯಾನೆಲನ್ನು ಎರಡು ಪಟ್ಟು, ಮೂರು ಪಟ್ಟು ಮಾಡುವುದು ಒಂದು ದಾರಿ. ಆದರೆ ಬಿಸಿಲಿಲ್ಲದ ಅದೇ ದಿನಗಳಲ್ಲಿ ಮನೆ ಪಕ್ಕದ ಹಳ್ಳ ಉಕ್ಕಿ ಹರಿಯುತ್ತಿರುತ್ತದೆ! ಬೆಂಗಳೂರಿಗೆ ಮೊದಲ ಕರೆಂಟು ಬಂದಿದ್ದೂ ಬೀಳುವ ನೀರಿನಿಂದಲೇ. ಶಿವನಸಮುದ್ರದಲ್ಲಿ 1902ರಲ್ಲಿ ಶುರುವಾಗಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ನಗರದ ಬೀದಿಗೆ ದೀಪ ಬಂತು. ಅದರ ಮರಿಮೊಮ್ಮಗನಂಥ ಕಿರು ಜಲವಿದ್ಯುತ್ ಯಂತ್ರ ಮಲೆನಾಡಿನ ಎಷ್ಟೋ ಒಂಟಿಮನೆಗಳಲ್ಲಿ ತಿರುಗುತ್ತಿದೆ. ಲೆಕ್ಕ ಸರಳ: ಸೆಕೆಂಡಿಗೆ ಬೀಳುವ ಲೀಟರ್, ಬೀಳುವ ಎತ್ತರ ಮೀಟರಿನಲ್ಲಿ, ಎರಡನ್ನೂ ಗುಣಿಸಿ, ಅದನ್ನು 9.8ರಿಂದ ಗುಣಿಸಿ, ಅದರಲ್ಲಿ ಅರ್ಧ ನಿಮ್ಮ ಕೈಗೆ. ಸೆಕೆಂಡಿಗೆ 10 ಲೀಟರ್, 20 ಮೀಟರ್ ಎತ್ತರವಿದ್ದರೆ ಸುಮಾರು 980 ವಾಟ್. ಬಿಸಿಲಿನಂತೆ ಐದು ಗಂಟೆಯಲ್ಲ, ಇಪ್ಪತ್ನಾಲ್ಕು ಗಂಟೆ. ದಿನಕ್ಕೆ 23 ಯೂನಿಟ್! ಬಳಸದೆ ಉಳಿದಿದ್ದನ್ನು ಎಲ್ಲಿಗಾದರೂ ಹರಿಸಲೇಬೇಕು, ಇಲ್ಲವಾದರೆ ಯಂತ್ರ ಹುಚ್ಚೆದ್ದು ಓಡುತ್ತದೆ. ಅದಕ್ಕೆ ಕಂಟ್ರೋಲರ್ ಅದನ್ನು ಹೀಟರಿಗೆ ಕಳಿಸುತ್ತದೆ. ಹಾಗಾಗಿ ತಂಗಿಯ ಮನೆಯಲ್ಲಿ ಜುಲೈ ಪೂರ್ತಿ ಬಿಸಿನೀರಿಗೆ ಬರವಿಲ್ಲ. ಜನವರಿ ಹೊತ್ತಿಗೆ ಹಳ್ಳ ಸೊರಗಿ ಯಂತ್ರ ನಿಲ್ಲುತ್ತದೆ, ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಮಲೆನಾಡಿನಲ್ಲಿ ಸೋಲಾರೋ ಜಲವಿದ್ಯುತ್ತೋ ಎಂದು ಕೇಳುವುದೇ ತಪ್ಪು. ಬೀಳುವ ಹಳ್ಳ ಇದ್ದರೆ ಎರಡೂ ಚಿಕ್ಕದಾಗಿ ಬೇಕು. ಹಳ್ಳ ಇಲ್ಲದ, ವರ್ಷವಿಡೀ ಮರದ ನೆರಳಿನ ಜಾಗವಾದರೆ, ಅಲ್ಲಿ ಕಂಬಿಯಿಲ್ಲದೆ ಇರುವ ಯೋಚನೆಯನ್ನು ಬಿಟ್ಟುಬಿಡಿ ಎನ್ನುತ್ತೇನೆ.

ಬ್ಯಾಟರಿಯ ವಿಷಯದಲ್ಲಿ ಅಂಗಡಿಯವರು ಹೇಳದ ಒಂದು ಮಾತಿದೆ. ಲೆಡ್ ಆಸಿಡ್ ಬ್ಯಾಟರಿ ದಿನವೂ ಪೂರ್ತಿ ಚಾರ್ಜ್ ಆದರೆ ಮಾತ್ರ ಬಾಳುತ್ತದೆ. ಅರ್ಧ ಹೊಟ್ಟೆಯಲ್ಲಿ ವಾರಗಟ್ಟಲೆ ಕೂತರೆ ಒಳಗಿನ ತಗಡಿಗೆ ಬಿಳಿ ಉಪ್ಪು ಕಟ್ಟಿ ಸಾಯುತ್ತದೆ. ಬಯಲಿನಲ್ಲಿ ನಮ್ಮ ಟ್ಯೂಬುಲರ್ ಮಾದರಿಯ ಲೆಡ್ ಬ್ಯಾಟರಿಗಳು ಡಿಸ್ಟಿಲ್ಡ್ ವಾಟರ್ ಹಾಕಿಸಿಕೊಂಡು ಐದು ವರ್ಷ ಬಂದವು. ಅದೇ ಸರಕು ತಂಗಿಯ ಮನೆಯಲ್ಲಿ ಎರಡು ಮಳೆಗಾಲಕ್ಕೆ ಮುಗಿಯಿತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಅರ್ಧ ಹೊಟ್ಟೆ ಬೇಸರವಿಲ್ಲ. ಜೊತೆಗೆ 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಲೆಡ್ ಬ್ಯಾಟರಿಯ ಮೇಲೆ 1.8 ಯೂನಿಟ್ ಎಂದಿದ್ದರೂ ಆಯಸ್ಸು ಉಳಿಯಬೇಕೆಂದರೆ ಅರ್ಧ ಮಾತ್ರ ತೆಗೆಯಬೇಕು. ಲಿಥಿಯಂನಲ್ಲಿ ಹತ್ತರಲ್ಲಿ ಎಂಟು ಪಾಲು ತೆಗೆಯಬಹುದು. ಎರಡು ಮೋಡದ ದಿನಕ್ಕೆ ಎಂದು 8 ಯೂನಿಟ್ ಕೂಡಿಡಬೇಕಾದರೆ ಲೆಡ್ಡಿನವು ಒಂಬತ್ತು, ಲಿಥಿಯಂನ 5 ಯೂನಿಟ್ ಪೆಟ್ಟಿಗೆಗಳು ಎರಡು. ಬಯಲಿನಲ್ಲಿ ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಲೆಡ್ ಆಗುತ್ತದೆ. ಮಲೆನಾಡಿಗೆ ಲಿಥಿಯಂ ಬಿಟ್ಟು ಬೇರೆ ಮಾತು ಬೇಡ.

ಸಿಡಿಲಿಗೆ ಮಾತ್ರ ಎಲ್ಲ ಕಡೆಯೂ ಒಂದೇ ಲೆಕ್ಕ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ನಮಗೆ ಮೊದಲ ವರ್ಷ ಭರಣಿ ತಂದಿದ್ದು ಸುಟ್ಟ ಇನ್ವರ್ಟರ್. ಕಲ್ಲುನೆಲದಲ್ಲಿ ಅರ್ತಿಂಗ್ ಗುಂಡಿ ಬೇಸಿಗೆಗೆ ಒಣಗಿ ಕೆಲಸಕ್ಕೆ ಬಾರದಂತಾಗಿತ್ತು. ಈಗ ಮಾರ್ಚ್‌ನಿಂದ ವಾರಕ್ಕೊಂದು ಕೊಡ ನೀರು ಆ ಗುಂಡಿಗೆ ಹೋಗುತ್ತದೆ. ಇನ್ವರ್ಟರಿನ ಕಿಂಡಿಗಳಿಗೆ ಸೊಳ್ಳೆ ಪರದೆಯ ಜಾಲರಿ ಕಟ್ಟಿ. ಇರುವೆ, ಹಲ್ಲಿ ಒಳಗೆ ಹೋಗಿ ಸತ್ತು ಬೋರ್ಡ್ ಹಾಳಾಗುವುದು ಸಿಡಿಲಿಗಿಂತ ಹೆಚ್ಚು.

ದಾರಿ, ದರೆ, ದಾಖಲೆ

ಬೆಂಗಳೂರಿನಿಂದ ಕನಕಪುರ ಸುಮಾರು 55 ಕಿ.ಮೀ., ಸಕಲೇಶಪುರ 220. ಈ ಅಂಕಿಗಳಿಗಿಂತ ಮುಖ್ಯ ಕೊನೆಯ ಎರಡು ಕಿಲೋಮೀಟರ್. ಅದು ಗ್ರಾಮ ನಕಾಶೆಯಲ್ಲಿ ಇರುವ ದಾರಿಯೇ, ಅಥವಾ ಪಕ್ಕದವರು ಇಷ್ಟು ದಿನ ಸುಮ್ಮನಿದ್ದ ಕಾರಣಕ್ಕೆ ಆದ ಬಂಡಿಜಾಡೇ? ಬಂಡಿಜಾಡಾದರೆ ನೀವು ಗೇಟ್ ಹಾಕಿದ ಮರುದಿನ ಅವರೂ ಹಾಕುತ್ತಾರೆ.

ಮಲೆನಾಡಿನಲ್ಲಿ ದರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ನೋಡಿ. ಗುಡ್ಡದ ಬುಡವನ್ನು ಜೆಸಿಬಿಯಲ್ಲಿ ಕಡಿದು ಸಮ ಮಾಡಿ, ವ್ಯೂ ಚೆನ್ನಾಗಿದೆ ಎಂದು ಮಾರುವ ಜಾಗಗಳು ಈಗ ಬೇಕಾದಷ್ಟಿವೆ. ಹಳೆಯ ಮನೆಗಳು ಹಾಗೆ ಎಲ್ಲೂ ಕೂತಿಲ್ಲ. ಸಕಲೇಶಪುರದ ಬಳಿಯ ದೋಣಿಗಾಲಿನಲ್ಲಿ ಹೆದ್ದಾರಿಯೇ ಮಳೆಗಾಲದಲ್ಲಿ ಜರಿದು ವಾಹನ ನಿಂತಿದ್ದನ್ನು ನೋಡಿದ್ದೇವೆ, 2018ರಲ್ಲಿ ಕೊಡಗನ್ನೂ ನೋಡಿದ್ದೇವೆ. ಕಡಿದ ದರೆಯ ಕೆಳಗೆ ಮಲಗುವ ಕೋಣೆ ಇರುವ ಮನೆಯನ್ನು ಯಾರು ಪುಕ್ಕಟೆ ಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ.

2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಹೋದ ಮೇಲೆ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗೆಂದು ಎಲ್ಲ ಜಮೀನನ್ನೂ ಕೊಳ್ಳಬಹುದು ಎಂದಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿಗೆ 1978ರ ಕಾಯ್ದೆ ಅಡ್ಡ ಇದೆ. ಸರ್ಕಾರದ ಅನುಮತಿಯಿಲ್ಲದ ಕ್ರಯ ಎಷ್ಟು ವರ್ಷ ಕಳೆದ ಮೇಲೂ ತಕರಾರಿಗೆ ಬರಬಹುದು. ಪಹಣಿಯ ಜೊತೆಗೆ ಮೂಲ ಮಂಜೂರಾತಿ ಕಡತ ತೆಗೆಸಿ. ಪೋಡಿ (ಸರ್ವೆ ನಂಬರಿನಲ್ಲಿ ಅವರ ಪಾಲನ್ನು ಅಳೆದು ಬೇರ್ಪಡಿಸುವುದು) ಆಗಿದೆಯೇ, 11ಇ ನಕ್ಷೆ (ಮಾರುವ ಭಾಗಕ್ಕೆ ನೋಂದಣಿಗೆ ಮೊದಲು ಮಾಡಿಸುವ ಸರ್ವೆ ನಕ್ಷೆ) ಇದೆಯೇ ಕೇಳಿ. ಮಲೆನಾಡಿನಲ್ಲಿ ಪಕ್ಕದ ಒತ್ತುವರಿಯನ್ನೂ ಸೇರಿಸಿ ಎಕರೆ ಲೆಕ್ಕ ಹೇಳುವುದು ರೂಢಿ, ನೀವು ದುಡ್ಡು ಕೊಡಬೇಕಾದ್ದು ಪಹಣಿಯಲ್ಲಿರುವ ಎಕರೆಗೆ ಮಾತ್ರ. ತೋಟದ ಮನೆಗೆ ಭೂಕಂದಾಯ ಕಾಯ್ದೆಯ 95ನೇ ಕಲಂನಲ್ಲಿ ಅವಕಾಶವಿದೆ, ಹಿಡುವಳಿಯ ನೂರಕ್ಕೆ ಹತ್ತರ ಮಿತಿಯೊಳಗೆ. ಬನ್ನೇರುಘಟ್ಟದ ಸುತ್ತಲಾದರೆ 2020ರಲ್ಲಿ ಅಧಿಸೂಚನೆಯಾದ 168.84 ಚದರ ಕಿ.ಮೀ. ಪರಿಸರ ಸೂಕ್ಷ್ಮ ವಲಯದಲ್ಲಿ ನಿಮ್ಮ ಸರ್ವೆ ನಂಬರ್ ಬರುತ್ತದೆಯೇ ನೋಡಿ. ಗಡಿ ದಾಟಿ ಡೆಂಕಣಿಕೋಟೆ, ಅಂಚೆಟ್ಟಿಯ ಕಡೆ ಹೋದರೆ ಪಟ್ಟಾ, ಚಿಟ್ಟಾ ಎಂಬ ಜಮೀನಿನ ದಾಖಲೆಗಳೆಲ್ಲ ತಮಿಳಿನಲ್ಲಿ. ಓದಿ ಹೇಳುವ ವಕೀಲರು ಮಾರುವವರ ಕಡೆಯವರಾಗಿರಬಾರದು.

ಆನೆ, ಹಾವು, ಉಣುಗು

ಬನ್ನೇರುಘಟ್ಟ, ಕಾವೇರಿ ವನ್ಯಧಾಮದ ಕಡೆಯಿಂದ ಆನೆಗಳು ರಾಗಿ ಬಲಿಯುವ ಕಾಲಕ್ಕೆ ಜವಳಗಿರಿ, ಡೆಂಕಣಿಕೋಟೆಯತ್ತ ಇಳಿಯುತ್ತವೆ. ಇದು ತಲೆಮಾರುಗಳಿಂದ ಅವು ನಡೆದ ದಾರಿ. ನಮ್ಮ ಸ್ನೇಹಿತರ ಮನೆ ಆ ದಾರಿಯ ಮೇಲಿತ್ತು ಎಂಬುದನ್ನು ಊರವರು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು, ಇವರು ಕೇಳಿದ್ದು ಬ್ರೋಕರನ್ನು. ಆನೆ ಅವರಿಗೆ ಒಮ್ಮೆಯೂ ಏನೂ ಮಾಡಲಿಲ್ಲ. ಸಂಜೆ ಆರಕ್ಕೆ ಬಾಗಿಲು ಹಾಕಿದರೆ ಬೆಳಿಗ್ಗೆ ಏಳಕ್ಕೆ ತೆಗೆಯುವುದು, ಬಚ್ಚಲು ಹೊರಗಿದ್ದರೂ ಹೋಗುವಂತಿಲ್ಲ, ಆಫೀಸಿನಿಂದ ತಡವಾದರೆ ಹೊಸೂರಿನಲ್ಲೇ ಲಾಡ್ಜು. ಮೂರು ಚಳಿಗಾಲ ಹೀಗೆ ಕಳೆದು ಸಾಕಾಯಿತು. ಸೋಲಾರ್ ಬೇಲಿ ಹಾಕಿದ್ದರು. ಅದು ಕ್ಷಣ ಕ್ಷಣಕ್ಕೆ ಮಿಡಿಯುವ ಶಾಕ್ ಕೊಡುತ್ತದೆ, ಕೊಲ್ಲುವುದಿಲ್ಲ. ಆದರೆ ಹುಲ್ಲು ಬೆಳೆದು ತಂತಿಗೆ ತಾಗಿದರೆ ಬೇಲಿ ಸತ್ತಂತೆ, ಆನೆಗೆ ಅದು ನಮಗಿಂತ ಮೊದಲು ಗೊತ್ತಾಗುತ್ತದೆ. ಮಲೆನಾಡಿಗೂ ಆನೆ ಹೊಸದಲ್ಲ. ಆಲೂರು, ಸಕಲೇಶಪುರದಲ್ಲಿ ಬೆಳಿಗ್ಗೆ ಎದ್ದು ಮೊದಲು ನೋಡುವುದು ಆನೆ ಎಲ್ಲಿದೆ ಎಂಬ ಮೊಬೈಲ್ ಸಂದೇಶವನ್ನು. ಮನೆ ಪಕ್ಕ ಹಲಸಿನ ಮರವಿದ್ದರೆ ಕಾಯಿಯನ್ನು ಎಳೆಯದರಲ್ಲೇ ಇಳಿಸಿಬಿಡುತ್ತಾರೆ.

ಹಾವಿನ ವಿಷಯದಲ್ಲಿ ಬಯಲೇ ಹೆಚ್ಚು ಅಪಾಯ ಎಂದರೆ ನಗರದವರು ನಂಬುವುದಿಲ್ಲ. ಕಾಳಿಂಗವನ್ನು ನೆನೆದು ಮಲೆನಾಡಿಗೆ ಹೆದರುತ್ತಾರೆ. ರಾಗಿ ಹೊಲದ ಇಲಿ ಹುಡುಕಿ ಬರುವ ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ, ಇವು ನಾಲ್ಕೂ ಬಯಲಿನವು. ಸಮಾಧಾನವೆಂದರೆ ನಮ್ಮಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ಈ ನಾಲ್ಕಕ್ಕೆ ಕೆಲಸ ಮಾಡುತ್ತದೆ. ಮಲೆನಾಡಿನ ಗುಳಿಮಂಡಲಗಳಿಗೆ ಅದು ಆಗದು. ಆ ಮದ್ದು ಮತ್ತು ಅದನ್ನು ಕೊಡುವ ವೈದ್ಯರು ರಾತ್ರಿ ಹೊತ್ತು ಎಲ್ಲಿ ಇರುತ್ತಾರೆ, ಅಲ್ಲಿಗೆ ಎಷ್ಟು ನಿಮಿಷ ಎಂಬುದನ್ನು ಒಮ್ಮೆ ರಾತ್ರಿ ಗಾಡಿ ಓಡಿಸಿಯೇ ಅಳೆಯಿರಿ. ನಮಗೆ ಐವತ್ತು ನಿಮಿಷ, ತಂಗಿಗೆ ಒಣದಾರಿಯಲ್ಲಿ ಒಂದೂಕಾಲು ಗಂಟೆ.

ತೀರ್ಥಹಳ್ಳಿ, ಹೊಸನಗರ, ಸಾಗರ, ಸಿದ್ದಾಪುರದ ಕಡೆ ನೋಡುವವರು ಮಂಗನ ಕಾಯಿಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡ ರೋಗ, ಉಣುಗು ಕಚ್ಚಿ ಬರುತ್ತದೆ. 2019ರಲ್ಲಿ ಸಾಗರದ ಅರಳಗೋಡು ಪಟ್ಟ ಪಾಡು ಮರೆಯುವಂಥದ್ದಲ್ಲ. ಡಿಸೆಂಬರ್‌ನಿಂದ ಮೇ ತನಕ, ನೀವು ತರಗೆಲೆಯ ಮೇಲೆ ಚಾಪೆ ಹಾಸಿ ಕೂರಬೇಕೆಂದುಕೊಂಡ ತಿಂಗಳುಗಳಲ್ಲೇ ಅದರ ಕಾಲ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಒಲೆ ಮತ್ತು ಉಳಿದದ್ದು

ಗೋಬರ್ ಗ್ಯಾಸ್ ಎಲ್ಲರ ಕನಸು. ನಾಲ್ಕೈದು ಜನರ ಅಡುಗೆಗೆ ಎರಡು ಘನಮೀಟರಿನ ಸ್ಥಾವರ, ಅದಕ್ಕೆ ದಿನಕ್ಕೆ 50 ಕೆ.ಜಿ. ಸಗಣಿ, ಅಂದರೆ ನಾಲ್ಕೈದು ದನ. ಅಷ್ಟು ದನ ಕಟ್ಟಿದವರು ಒಂದು ಮದುವೆಗೂ ಜೋಡಿಯಾಗಿ ಹೋಗುವಂತಿಲ್ಲ. ನಾವು ಸಿಲಿಂಡರಿಗೇ ಉಳಿದೆವು, ತಿಂಗಳಿಗೊಮ್ಮೆ ಊರಿಗೆ ಹೋದಾಗ ತರುತ್ತೇವೆ. ಕಕ್ಕಸಿಗೆ ಬಯಲಿನಲ್ಲಿ ಅವಳಿ ಗುಂಡಿ ಸಾಕು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಅಂತರ್ಜಲ ಗುಂಡಿಗೇ ಬರುವುದರಿಂದ ಕುಡಿಯುವ ಬಾವಿಯಿಂದ ದೂರ, ಇಳಿಜಾರಿನ ಕೆಳಗೆ ಇರಬೇಕು. ಇಂಟರ್‌ನೆಟ್ ನಂಬಿದ ಕೆಲಸವಾದರೆ ಎರಡು ಕಂಪನಿಯ ಸಿಮ್ ಹಿಡಿದು ಜಾಗದಲ್ಲೇ ನಿಂತು ವಿಡಿಯೊ ಕರೆ ಮಾಡಿ ನೋಡಿ. ಮಲೆನಾಡಿನಲ್ಲಿ ಮೂರು ದಿನ ಕರೆಂಟಿಲ್ಲದಿದ್ದರೆ ಟವರಿಗೂ ಕರೆಂಟಿಲ್ಲ, ನಿಮ್ಮ ಮನೆಯಲ್ಲಿ ಹಳ್ಳದ ದೀಪ ಉರಿಯುತ್ತಿದ್ದರೂ ಅಷ್ಟೇ.

ಮಲೆನಾಡಿನ ಜುಲೈಗೆ ಇನ್ನೊಂದು ಹೆಸರು ಬೂಷ್ಟು. ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ, ಪುಸ್ತಕಕ್ಕೆ, ಕ್ಯಾಮೆರಾ ಗಾಜಿಗೆ ಬೂಷ್ಟು. ಹಳಬರು ಒಲೆಯ ಮೇಲೆ ಅಟ್ಟ ಕಟ್ಟಿದ್ದು ಸುಮ್ಮನೆ ಅಲ್ಲ. ತಂಗಿ ಮೊದಲ ವರ್ಷ ದೊಡ್ಡ ಗಾಜಿನ ಕಿಟಕಿ ಇಟ್ಟಳು, ಎರಡನೇ ವರ್ಷ ಅದೇ ಕಿಟಕಿಗೆ ಹೊರಗಿನಿಂದ ಅಡಿಕೆ ಸೋಗೆಯ ತಡಿಕೆ ಕಟ್ಟಿದಳು.

ಯಾರಿಗೆ ಯಾವುದು

ಮನೆಯಲ್ಲಿ ವಯಸ್ಸಾದವರಿದ್ದರೆ, ಶಾಲೆಗೆ ಹೋಗುವ ಮಕ್ಕಳಿದ್ದರೆ, ವಾರಕ್ಕೊಮ್ಮೆ ಬೆಂಗಳೂರಿಗೆ ಬರಲೇಬೇಕಾದ ಕೆಲಸವಿದ್ದರೆ ಬಯಲು. ನೀರನ್ನು ಎಣಿಸಿ ಬಳಸುವ ಬುದ್ಧಿ ಇರಬೇಕು, ಅದು ಮನೆಮಂದಿಗೆಲ್ಲ ಇರಬೇಕು. ಇಬ್ಬರೇ ಇದ್ದೀರಿ, ಮೈಯಲ್ಲಿ ಕಸುವಿದೆ, ಕೈಕೆಲಸ ಬರುತ್ತದೆ, ಮೂರು ತಿಂಗಳು ಸೂರ್ಯನನ್ನು ನೋಡದೆಯೂ ಒಬ್ಬರ ಮೇಲೊಬ್ಬರು ರೇಗದೆ ಇರಬಲ್ಲಿರಿ ಎಂದರೆ ಮಲೆನಾಡು. ವರ್ಷದ ಒಟ್ಟು ಸುಖವನ್ನು ತೂಗಿದರೆ ತಂಗಿಯ ಮನೆಯೇ ನಮ್ಮದಕ್ಕಿಂತ ಮೇಲು, ಒಪ್ಪುತ್ತೇನೆ. ಕಾಡಂಚು ನನ್ನ ಮಟ್ಟಿಗೆ ಯಾರಿಗೂ ಬೇಡ. ಅಲ್ಲಿ ಹುಟ್ಟಿ ಬೆಳೆದವರೇ ಹೇಗೋ ಹೊಂದಿಕೊಂಡಿದ್ದಾರೆ, ನಾವು ಹೋಗಿ ಇನ್ನೊಂದು ಬೇಲಿ ಹಾಕಿದರೆ ಆನೆ ಅವರ ಹೊಲಕ್ಕೆ ತಿರುಗುತ್ತದೆ.

ನಾಲ್ಕನೆಯದೂ ಒಂದಿದೆ. ಊರು ಬಿಡದೆ, ಈಗಿರುವ ಮನೆಯಲ್ಲೇ ಒಂದು ವರ್ಷ ಮಳೆನೀರು, ಸೋಲಾರ್, ಅಡುಗೆಮನೆಯ ಕಸದ ಗೊಬ್ಬರ ಮೂರನ್ನೂ ನಡೆಸಿ ನೋಡುವುದು. ಜಯನಗರದ ಮಳೆನೀರು ಥೀಮ್ ಪಾರ್ಕಿನಲ್ಲಿ ಮಾದರಿಗಳಿವೆ, ಒಂದು ಬೆಳಗಿನ ಕೆಲಸ. ಮೇನ್ ಸ್ವಿಚ್ ಆರಿಸಿ, ಕಾವೇರಿ ನೀರಿನ ವಾಲ್ವ್ ಮುಚ್ಚಿ, ಹದಿನೈದು ದಿನ ಇದ್ದು ನೋಡಿ. ನಮಗೆ ಗೊತ್ತಿರುವ ಒಂದು ಮನೆಯವರು ಆರನೇ ದಿನಕ್ಕೆ ವಾಲ್ವ್ ತೆಗೆದರು, ಜಾಗದ ಯೋಚನೆಯನ್ನೂ ಬಿಟ್ಟರು. ಅವರಿಗೆ ಉಳಿದ ದುಡ್ಡು ಎಷ್ಟೆಂದು ಅವರಿಗೇ ಗೊತ್ತಿಲ್ಲ.

ಅದನ್ನೂ ದಾಟಿದಿರಾದರೆ, ಕೊಳ್ಳುವ ಮೊದಲು ಬಾಡಿಗೆಗೆ ಹೋಗಿ. ಬಯಲಿಗಾದರೆ ಯುಗಾದಿ ಕಳೆದ ಮೇಲೆ, ಮಲೆನಾಡಿಗಾದರೆ ಆಷಾಢದಲ್ಲಿ, ಕನಿಷ್ಠ ಎರಡು ವಾರ. ತಂಗಿಗೆ ಜಾಗ ಮಾರಿದ ಹಿರಿಯರು ಅಡ್ವಾನ್ಸ್ ಮುಟ್ಟದೆ ಹೇಳಿದ್ದು ಇದನ್ನೇ: "ಪುಷ್ಯ ಮಳೇಲಿ ನಮ್ಮನೇಲೇ ಬಂದು ಇರಿ ಮಾರಾಯ್ರೇ, ಆಮೇಲೆ ಮಾತಾಡಣ." ಅವಳು ಹೋಗಿದ್ದಳು. ಹೋಗುವಾಗ ಎರಡು ಜೊತೆ ಬಟ್ಟೆ ತೆಗೆದುಕೊಂಡಿದ್ದಳು, ಎರಡನೇ ದಿನಕ್ಕೆ ಆ ಮನೆಯ ಅಜ್ಜಿಯ ಸೀರೆ ಉಟ್ಟಿದ್ದಳು.